ನಲವತ್ತೊಂದನೇ ನಂಬರಿನ ಸ್ಲೇಟು

ನಮ್ಮೂರ ಸ್ಕೂಲಿನ ಮೇಲೆ ತೆಂಗಿನ ಮರ ಬಿದ್ದಿದ್ದು ಭಾನುವಾರ. ಇದನ್ನ ಮೊದಲೇ ಹೇಳಿಬಿಡ್ತೀನಿ. ಯಾಕಂದ್ರೆ ನಾನು ಈ ಸಂಗತಿ ಶುರು ಮಾಡಿದ ತಕ್ಷಣ ಕೇಳೋರೆಲ್ಲ "ಅಯ್ಯೋ, ಮಕ್ಕಳಿಗೇನಾದ್ರೂ ಆಯ್ತಾ?" ಅಂತ ಎದೆ ಮೇಲೆ ಕೈ ಇಟ್ಕೋತಾರೆ. ಏನೂ ಆಗಲಿಲ್ಲ. ಆಷಾಢದ ಗಾಳಿಗೆ ಮರ ಬುಡಸಮೇತ ಎದ್ದು ಹೆಂಚಿನ ಮೇಲೆ ಅಡ್ಡಡ್ಡ ಮಲಗಿತ್ತು. ಒಳಗಿದ್ದದ್ದು ಒಂದು ಕುರ್ಚಿ, ಒಂದು ಬೋರ್ಡು, ಮೂಲೆಯಲ್ಲಿ ಮರಿ ಹಾಕಿದ್ದ ಒಂದು ಬೆಕ್ಕು. ಬೆಕ್ಕು ತನ್ನ ಮರಿಗಳನ್ನ ಒಂದೊಂದಾಗಿ ಕಚ್ಚಿಕೊಂಡು ಹೋಗಿ ಹಾಲಿನ ಡೈರಿಯಲ್ಲಿ ಸಂಸಾರ ಹೂಡಿತು. ವಾರದೊಳಗೆ ನಮ್ಮ ಸ್ಕೂಲೂ ಅದರ ಹಿಂದೇನೇ ಡೈರಿಗೆ ಹೋಯ್ತು.

ಆಗ ತೊಂಬತ್ತರ ದಶಕದ ಕೊನೆ. ನಾನು ಮದುವೆಯಾಗಿ ಶೆಟ್ಟಿಕೆರೆ ಕಡೆಯ ಈ ಊರಿಗೆ ಬಂದು ಎಂಟು ವರ್ಷ ಆಗಿತ್ತು. ಮಗಳು ಎರಡನೇ ಕ್ಲಾಸು. ಸ್ಕೂಲು ಅಂದ್ರೆ ಒಂದೇ ಕೋಣೆ, ಒಬ್ಬರೇ ಮೇಷ್ಟ್ರು, ಒಂದರಿಂದ ನಾಲ್ಕನೇ ಕ್ಲಾಸಿನವರೆಗೆ ಒಟ್ಟು ಇಪ್ಪತ್ತೈದು, ಇಪ್ಪತ್ತಾರು ಮಕ್ಕಳು. ಮರ ಎತ್ತಿಸಿದ ಮೇಲೆ ಇಂಜಿನಿಯರ್ ಬಂದು ತೊಲೆಗಳನ್ನ ಕೋಲಲ್ಲಿ ಕುಟ್ಟಿ ನೋಡಿದರು. ಕುಟ್ಟಿದ ಕಡೆಯೆಲ್ಲ ಗೆದ್ದಲಿನ ಮಣ್ಣು ಉದುರಿತು. ಸೂರು ಬಿಚ್ಚಿ ಹೊಸದಾಗಿ ಹಾಕೋವರೆಗೂ ಯಾರೂ ಒಳಗೆ ಕಾಲಿಡಬಾರದು ಅಂತ ಆರ್ಡರ್ ಆಯ್ತು. ಬಿದ್ದ ಮರಾನ ಕಣ್ಣಾರೆ ನೋಡಿ ಹೋಗಿದ್ದ ಸ್ಕೂಲ್ ಇಲಾಖೆ ಸಾಹೇಬರು ಇನ್ನೊಂದು ಮಾತು ಸೇರಿಸಿದರು: ಮಕ್ಕಳನ್ನ ತೆಂಗಿನ ಮರದ ಕೆಳಗೂ ಕೂರಿಸಬಾರದು.

ಸರಿಹೋಯ್ತು! ನಮ್ಮೂರಲ್ಲಿ ತೆಂಗಿನ ಮರದ ಕೆಳಗಿಲ್ಲದ ಜಾಗ ಯಾವುದಿತ್ತು ಹೇಳಿ? ದೇವಸ್ಥಾನದ ಮುಂದೆ ಎರಡು ಮರ, ನೀರಿನ ತೊಟ್ಟಿ ಪಕ್ಕ ಮೂರು, ಬಸ್ಸು ನಿಲ್ಲೋ ಜಾಗದಲ್ಲಿ ಬೇರೆ ಒಂದು, ಅದೂ ವಾಲಿಕೊಂಡಿದ್ದು. ಬಯಲು ಅಂತ ಇದ್ದದ್ದು ರಾಗಿ ಹೊಲ ಒಂದೇ. ಅದರಲ್ಲಿ ಪೈರು, ಮೇಲೆ ಸೋನೆ ಮಳೆ. ಮಕ್ಕಳು ಖುಷಿಯಾಗಿ ಮನೇಲಿ ಉಳಿದವು. ದನದ ಹಿಂದೆ, ಕಾಯಿ ಕೀಳೋರ ಹಿಂದೆ, ಒಲೆ ಮುಂದೆ, ಎಲ್ಲಿ ನೋಡಿದರೂ ಮಕ್ಕಳೇ.

ಮೇಷ್ಟ್ರು ಹಾಲ್ಕುರಿಕೆ ಕಡೆಯವರು. ಇನ್ನೂ ಮದುವೆ ಆಗಿರಲಿಲ್ಲ, ಡೈರಿಗೆ ಅಂಟಿಕೊಂಡಿದ್ದ ಕೋಣೆಯಲ್ಲಿ ಬಾಡಿಗೆಗೆ ಇದ್ದರು. ಬೆಳಿಗ್ಗೆ ಸಂಜೆ ಊರಿನ ಎಲ್ಲಾ ಮನೆಯವರೂ ಕ್ಯಾನು ಹಿಡ್ಕೊಂಡು ಅವರ ಬಾಗಿಲ ಮುಂದೇನೇ ಸಾಲಾಗಿ ನಿಲ್ಲೋರು. ಹಾಲು ತಪ್ಪದೆ ಬರುತ್ತೆ, ಹಾಲಿನ ಜೊತೆ ಸ್ಲೇಟು ಯಾಕೆ ಬರಬಾರದು ಅಂತ ಮೇಷ್ಟ್ರಿಗೆ ಹೊಳೀತು. ಮಗು ಬರೆದ ಸ್ಲೇಟನ್ನ ಸಂಜೆ ಹಾಲಿನ ಜೊತೆ ತಂದುಕೊಡಬೇಕು. ಅವರು ತಿದ್ದಿ, ಹತ್ತಕ್ಕೆ ಇಷ್ಟು ಅಂತ ನಂಬರ್ ಹಾಕಿ, ಹಿಂದುಗಡೆ ಹೊಸ ಪಾಠ ಬರೆದು, ಬೆಳಿಗ್ಗೆ ಡೈರಿ ಜಗಲಿ ಮೇಲೆ ಸಾಲಾಗಿ ಒರಗಿಸಿ ಇಡೋರು. ಬೆಳಗಿನ ಹಾಲು ಹಾಕಿದವರು ಅವರವರ ಸ್ಲೇಟು ಎತ್ತಿಕೊಂಡು ಹೋಗಬೇಕು. ಹಗಲೆಲ್ಲ ಮಗು ಮನೇಲಿ ಕೂತು ಬರೀಬೇಕು.

ಸ್ಲೇಟುಗಳೆಲ್ಲ ಒಂದೇ ಥರ ಇರ್ತವಲ್ಲ, ಅದಕ್ಕೆ ಡೈರಿ ಸೆಕ್ರೆಟ್ರಿ ಪ್ರತಿಯೊಂದರ ಚೌಕಟ್ಟಿನ ಮೇಲೂ ಆ ಮನೆಯ ಹಾಲಿನ ನಂಬರನ್ನ ಕೆಂಪು ಬಣ್ಣದಲ್ಲಿ ಬರೆದುಬಿಟ್ಟ. ನಮ್ಮದು ನಲವತ್ತೊಂದು. ಅಲ್ಲಿಂದ ನಮ್ಮೂರ ಮಕ್ಕಳಿಗೆ ಹೆಸರೇ ಹೋಯ್ತು. "ಹನ್ನೆರಡು, ಹತ್ತಕ್ಕೆ ಆರು! ಮೂವತ್ತು, ಹತ್ತಕ್ಕೆ ಒಂಬತ್ತು, ಭೇಷ್!" ಅಂತ ಸೆಕ್ರೆಟ್ರಿ ಹಾಲು ಅಳೀತಾ ಅಳೀತಾನೇ ಕೂಗಿ ಹೇಳೋನು. ಹಾಲಿಗೆ ನೀರು ಬೆರೆತಿದೆಯಾ ಅಂತ ಡಿಗ್ರಿ ನೋಡೋ ಕಡ್ಡಿ ಒಂದು ಕೈಲಿ, ಕಣ್ಣು ಸ್ಲೇಟಿನ ಮೇಲೆ. ಅವನಿಗೆ ಅದೊಂದು ಹಬ್ಬ.

ಮೊದಲನೇ ವಾರ ನಲವತ್ತೊಂದರ ಗತಿ ಏನು ಹೇಳಲಿ. ಮೊದಲನೇ ದಿನ ಎರಡು, ಮಾರನೇ ದಿನ ಒಂದು, ಆಮೇಲೆ ಮೂರು, ಮತ್ತೆ ಒಂದು. ನನ್ನ ಮಗಳು ದಡ್ಡಿ ಅಲ್ಲ. ಅಟ್ಟಕ್ಕೆ ಹತ್ತಿ ಕಾಯಿ ಅಲ್ಲಾಡಿಸಿ, ಒಳಗೆ ಕೊಬ್ಬರಿ ಒಣಗಿ ಚಿಪ್ಪು ಬಿಟ್ಟುಕೊಂಡಿದೆಯೋ ಇಲ್ಲವೋ ಅಂತ ಸದ್ದಿನಲ್ಲೇ ಹೇಳೋಳು. ಆದರೆ ಅಕ್ಷರ ಅಂದ್ರೆ ಅವಳಿಗೆ ಇರುವೆ ಸಾಲು. ಯಾವುದು ಎಲ್ಲಿಂದ ಹೊರಟು ಎಲ್ಲಿಗೆ ಹೋಗುತ್ತೋ ಗೊತ್ತೇ ಆಗ್ತಿರಲಿಲ್ಲ. ಒಂದನೇ ಕ್ಲಾಸಿನಲ್ಲಿ ಪಕ್ಕದವರ ಸ್ಲೇಟು ನೋಡಿ ಬರೆದುಕೊಂಡು ಹೇಗೋ ದಾಟಿ ಬಂದಿದ್ದಳು ಅಂತ ನನಗೆ ತಿಳಿದದ್ದೇ ಆಗ.

ಪಕ್ಕದ ಮನೆ ನನ್ನ ವಾರಗಿತ್ತಿದು. ನಮ್ಮ ಭಾವನವರ ಹೆಂಡತಿ, ನನಗಿಂತ ಆರು ವರ್ಷ ದೊಡ್ಡೋಳು. ಮನೆ ಭಾಗ ಆದಮೇಲೂ ನಡುವೆ ಗೋಡೆ ಒಂದೇ. ಅವಳ ಮಗ ಮೂರನೇ ಕ್ಲಾಸು, ದಿನಾ ಎಂಟಕ್ಕೆ ಕಮ್ಮಿ ಇಲ್ಲ. ಒಂದು ಬೆಳಿಗ್ಗೆ ಡೈರಿ ಸಾಲಿನಲ್ಲಿ, ಎಲ್ಲರಿಗೂ ಕೇಳೋ ಹಂಗೆ, "ಪಾಪ, ಅದೇನು ಮಾಡುತ್ತೆ ಬುಡು. ಮನೇಲಿ ಹೇಳ್ಕೊಡೋರು ಬೇಕಲ್ವಾ," ಅಂದಳು.

ನನಗೆ ಕೋಪ ಮೂಗಿನ ತುದೀಲಿ. ಈಗಲೂ ಹಂಗೇ, ಆಗ ಇನ್ನೂ ಜಾಸ್ತಿ. ಅದೂ ಎಂಥಾ ಮಾತು ನೋಡಿ! ಮನೇಲಿ ಹೇಳ್ಕೊಡೋರು ಇಲ್ವಂತೆ. ನಾನು ಅಮ್ಮಸಂದ್ರ ಕಡೆಯವಳು, ಹತ್ತನೇ ಕ್ಲಾಸಿನವರೆಗೆ ಓದಿದವಳು. ಲೆಕ್ಕದಲ್ಲಿ ಫೇಲಾದೆ, ಅದು ಬೇರೆ ವಿಷಯ. ಆದರೆ ನನ್ನ ಅಕ್ಷರ ಅಂದ್ರೆ ನಮ್ಮೂರಲ್ಲಿ ಹೆಸರುವಾಸಿ. ಮದುವೆ ಪತ್ರಿಕೆ ಮೇಲೆ ವಿಳಾಸ ಬರೆಯೋಕೆ, ಗಂಡನ ಮನೆಗೆ ಹೋದ ಹೆಣ್ಣುಮಕ್ಕಳಿಗೆ ಕಾಗದ ಬರೆಯೋಕೆ ನನ್ನನ್ನೇ ಕರೆಯೋರು. ಇಲ್ಲಿಗೆ ಬಂದ ಎಂಟು ವರ್ಷದಲ್ಲಿ ನಾನು ಬರೆದದ್ದು ಸಂತೆ ಚೀಟಿ ಮಾತ್ರ. ಅದನ್ನೂ ನಮ್ಮನೆಯವರು ಮಡಿಚಿ ಜೇಬಿಗಿಟ್ಟು, ಅರ್ಧ ಸಾಮಾನು ಮರೆತು ಬರೋರು.

ಆವತ್ತು ಮಗಳು ಎಂದಿನಂತೆ ಸೋಗೆ ಕೊಟ್ಟಿಗೆಯಲ್ಲಿ ಕೂತು ಬಳಪ ಕಚ್ಚುತ್ತಾ ಇದ್ದಳು. ಮನೆಯಲ್ಲಿರುವ ಹತ್ತು ವಸ್ತುಗಳ ಹೆಸರು ಬರೆಯಬೇಕಿತ್ತು. ನಾಲ್ಕು ಬರೆದಿದ್ದಳು, ಯಾವುದೂ ಓದೋ ಹಂಗಿರಲಿಲ್ಲ. ಒಂದನ್ನ ತಿದ್ದೋಣ ಅಂತ ಕೂತೆ. ಆಣೆ ಮಾಡಿ ಹೇಳ್ತೀನಿ, ಒಂದೇ ಒಂದನ್ನ. ತಿದ್ದಿದ ಮೇಲೆ ಅದು ಮಿಕ್ಕ ಮೂರರ ನಡುವೆ ಹೊಂದಲೇ ಇಲ್ಲ. ಸೆರಗಿನಿಂದ ಪೂರ್ತಿ ಒರೆಸಿ, ಒನಕೆ, ಒರಳು, ಕಡಗೋಲು, ಸೇರು, ಮೊರ ಅಂತ ಹತ್ತನ್ನೂ ಒಂದೇ ಉಸಿರಿಗೆ ಬರೆದೆ. ಬಳಪದ ಕಿರ್ ಕಿರ್ ಸದ್ದು ಕೇಳಿ ಮೈಯೆಲ್ಲ ಜುಂ ಅಂತು. ಮಗಳು "ಮುಗೀತಾ?" ಅಂತ ಕೇಳಿ, ಕರು ಬಿಚ್ಚಿಕೊಂಡು ತೋಟಕ್ಕೆ ಓಡಿದಳು.

ಬೆಳಿಗ್ಗೆ ಸೆಕ್ರೆಟ್ರಿ ಕೂಗಿದ: "ನಲವತ್ತೊಂದು, ಹತ್ತಕ್ಕೆ ಹತ್ತು!" ಸಾಲಿನಲ್ಲಿದ್ದವರೆಲ್ಲ ಕತ್ತು ಉದ್ದ ಮಾಡಿದರು. ಮೇಷ್ಟ್ರು ನಂಬರಿನ ಕೆಳಗೆ 'ಅಕ್ಷರ ದುಂಡಾಗಿದೆ' ಅಂತ ಬೇರೆ ಬರೆದಿದ್ದರು. ಆ ಎರಡು ಪದ ಓದಿ ನನಗೆ ಹೊಟ್ಟೆಗೆ ಹಾಲು ಹೊಯ್ದಂಗಾಯ್ತು. ಸುಳ್ಳು ಯಾಕೆ ಹೇಳಲಿ, ಮಗಳ ನೆನಪೇ ಆಗಲಿಲ್ಲ. ಎಂಟು ವರ್ಷದ ಮೇಲೆ ನನ್ನ ಅಕ್ಷರಾನ ಒಬ್ಬರು ನೋಡಿದರಲ್ಲ ಅನ್ನೋದೊಂದೇ. ಆ ಸ್ಲೇಟನ್ನ ಮನೆವರೆಗೂ ಮುಖ ಹೊರಗೆ ಮಾಡಿ ಹಿಡ್ಕೊಂಡು ಬಂದೆ.

ನಮ್ಮತ್ತೆಗೆ ಓದು ಬರಹ ಬಾರದು. ಆದರೆ ಹತ್ತಕ್ಕೆ ಹತ್ತು ಅಂದ್ರೇನು ಅಂತ ಚೆನ್ನಾಗಿ ಗೊತ್ತಿತ್ತು. ಮೊದಲು ಸ್ಲೇಟನ್ನ ಗೊಬ್ಬರದ ಚೀಲದಲ್ಲಿ ಸುತ್ತಿ, ಮಳೆ ಹನಿ ಬೀಳದಂಗೆ ಕಂಕುಳಲ್ಲಿ ಇಟ್ಕೊಂಡು ಹೋಗೋರು. ಈಗ ಹಾಲಿನ ಕ್ಯಾನನ್ನ ನನ್ನ ಕೈಗೆ ಕೊಟ್ಟು, ಸ್ಲೇಟನ್ನ ತಾವೇ ದೇವರ ಪಟ ಹಿಡಿದಂಗೆ ಹಿಡ್ಕೊಂಡು ಹೊರಟರು. ಹಾದೀಲಿ ಸಿಕ್ಕೋರಿಗೆಲ್ಲ, "ನಮ್ಮ ಮೊಮ್ಮಗಳದ್ದು ಕಣವ್ವ," ಅನ್ನೋರು. ನಾನು ಹಿಂದೆ ಹಿಂದೆ ಕ್ಯಾನು ಹೊತ್ಕೊಂಡು ನಗ್ತಾ ನಡೆಯೋಳು.

ಆಮೇಲೆ ಊರೆಲ್ಲಾ ಕೆಟ್ಟಿತು. ಒಂದು ವಾರಕ್ಕೆ ಇಪ್ಪತ್ತು ಸ್ಲೇಟಿಗೆ ಹತ್ತಕ್ಕೆ ಹತ್ತು ಬರೋಕೆ ಶುರುವಾಯ್ತು. ಎಲ್ಲರ ಮನೆ ಮಕ್ಕಳೂ ಒಂದೇ ವಾರದಲ್ಲಿ ಹೆಂಗೆ ಜಾಣರಾದರು ಅಂತ ಯಾರೂ ಕೇಳಲಿಲ್ಲ, ಕೇಳೋ ಮುಖ ಯಾರಿಗಿತ್ತು? ಮೇಷ್ಟ್ರು ಪಾಠ ಬಿಗಿ ಮಾಡಿದರು. ಎರಡನೇ ಕ್ಲಾಸಿಗೆ ಎಂಟು ಸಾಲಿನ ವರ್ಣನೆ, ಮೂರನೇ ಕ್ಲಾಸಿಗೆ ಭಾಗಾಕಾರ. ಡೈರಿ ಸಾಲಿನಲ್ಲಿ ಮೀಸೆ ಹೊತ್ತ ಗಂಡಸರು, "ಶೇಷ ಉಳೀಬೇಕೇನ್ಲಾ?" "ಉಳೀಬೇಕು ಕಣ್ಲಾ, ನಮ್ಮದು ಮೂರು ಉಳೀತು," ಅಂತ ಮಾತಾಡಿಕೊಳ್ಳೋರು. ನಮ್ಮ ವಾರಗಿತ್ತಿಯ ತಮ್ಮ ತಿಪಟೂರಲ್ಲಿ ಕಾಲೇಜು ಓದೋನು. ಅವನು ಯಾಕೋ ವಾರಕ್ಕೆ ನಾಲ್ಕು ದಿನ ಅಕ್ಕನ ಮನೇಲೇ ಇರೋಕೆ ಶುರು ಮಾಡಿದ. ಗೋಡೆಯಾಚೆಯಿಂದ ಅವನು ಲೆಕ್ಕ ಹೇಳೋದೂ, ಅವಳು "ನಿಧಾನ ಹೇಳೋ, ಬರ್ಕೋತಿದ್ದೀನಿ" ಅನ್ನೋದೂ ನನಗೆ ಕೇಳೋದು. ನಾನು ಕೇಳಿಸದವಳ ಹಾಗೆ ಮುಸುರೆ ತಿಕ್ಕೋಳು.

ಸೆಕ್ರೆಟ್ರಿ ಮಾತ್ರ ಸುಮ್ಮನಿರೋ ಜೀವ ಅಲ್ಲ. ಒಂದು ದಿನ ಡಿಗ್ರಿ ಕಡ್ಡೀನ ಹಾಲಿಂದ ತೆಗೆದು ನಮ್ಮ ಸ್ಲೇಟಿನ ಮುಂದೆ ಹಿಡಿದು, ಒಂದು ಕಣ್ಣು ಮುಚ್ಚಿ ನೋಡಿದ. "ನಲವತ್ತೊಂದರ ಹಾಲು ಗಟ್ಟಿ ಐತೆ ಕಣಕ್ಕ. ಸ್ಲೇಟಿಗೇ ಯಾಕೋ ನೀರು ಬೆರೆತಂಗೆ ಕಾಣ್ತದೆ," ಅಂದ. ಎಲ್ಲರೂ ಹೋ ಅಂತ ನಕ್ಕರು. ನಾನೂ ನಕ್ಕೆ. ಮನೆಗೆ ಬರೋ ದಾರೀಲಿ ಅವನಿಗೆ ಬೈಕೊಂಡಷ್ಟು ಯಾರಿಗೂ ಬೈಕೊಂಡಿಲ್ಲ.

ಮಗಳು ಈ ಎರಡು ತಿಂಗಳು ರಾಣಿ. ತೋಟ, ಕರು, ಅಟ್ಟ, ಎಳನೀರು. ನಾನು ಬರೀತಾ ಕೂತಾಗ ಒಂದೊಂದು ಸಲ ಬಂದು ಪಕ್ಕದಲ್ಲಿ ನಿಂತು ನೋಡೋಳು. ಬಳಪ ಕೇಳ್ತಿದ್ದಳಾ ಅಂತ ಈಗ ನೆನಪು ಮಾಡಿಕೊಂಡರೆ, ಹೌದು, ಒಂದೆರಡು ಸಲ ಕೈ ಚಾಚಿದ್ದಳು. ನಾನು "ತಡಿ, ಕೆಡಿಸ್ತೀಯ" ಅಂದಿದ್ದೆ. ಈ ಮಾತನ್ನ ಬರೀಬಾರದು ಅಂದ್ಕೊಂಡಿದ್ದೆ. ಬರೆದಾಯ್ತು.

ಗಣೇಶನ ಹಬ್ಬ ಕಳೆದು ಸೂರಿಗೆ ಹೊಸ ಹೆಂಚು ಏರಿತು. ದಸರಾ ರಜ ಮುಗಿದ ಸೋಮವಾರ ಸ್ಕೂಲು ಶುರು ಅಂತ ಗೊತ್ತಾಯ್ತು. ಹಾಲಿಗೆ ರಜ ಇಲ್ಲವಲ್ಲ, ಸ್ಲೇಟಿಗೂ ಇರಲಿಲ್ಲ. ಅದಕ್ಕೆ ಹದಿನೈದು ದಿನ ಮುಂಚೆ, ಬೆಳಗಿನ ಹಾಲಿನ ಹೊತ್ತಲ್ಲಿ ಮೇಷ್ಟ್ರು ಜಗಲಿ ಮೇಲೆ ನಿಂತು ಮಾತಾಡಿದರು. "ಅವತ್ತು ಸಾಹೇಬರು ಬರ್ತಾರೆ, ಪಂಚಾಯ್ತಿಯವರು ಬರ್ತಾರೆ, ನೀವೂ ಎಲ್ಲರೂ ಬರಬೇಕು. ಹೊಸ ಬೋರ್ಡಿನ ಮೇಲೆ ಎಲ್ಲರ ಎದುರಿಗೆ 'ಸುಸ್ವಾಗತ' ಅಂತ ಮೊದಲು ಬರೆಯೋದು ನಲವತ್ತೊಂದನೇ ನಂಬರಿನ ಹುಡುಗಿ. ಇಡೀ ಊರಿಗೇ ಅವಳ ಅಕ್ಷರ ಚೆಂದ."

ಜನ ನನ್ನ ಕಡೆ ತಿರುಗಿದರು, ಕೆಲವರು "ಪುಣ್ಯವಂತೆ ಕಣೇ" ಅಂದರು. ವಾರಗಿತ್ತಿ ನನ್ನನ್ನೇ ನೋಡ್ತಾ ನಿಂತಿದ್ದಳು. ಆಗಲೇ ಬಾಯಿ ಬಿಟ್ಟು ಹೇಳಬಹುದಿತ್ತು. ಹೇಳಲಿಲ್ಲ. ಅವಳ ಮುಂದೆ ಹೇಳೋದಾ? ಸತ್ತರೂ ಇಲ್ಲ ಅಂದ್ಕೊಂಡೆ.

ಸುದ್ದಿ ಕೇಳಿ ಮಗಳು ಊಟ ಬಿಟ್ಟಳು. ಮಧ್ಯಾಹ್ನ ಮುದ್ದೆ ಮುಂದೆ ಕೂತು ಉಂಡೆ ಕಟ್ಟೋಳು, ತಿನ್ನೋಳಲ್ಲ. ಅವರಜ್ಜಿ ಬೆಣ್ಣೆ ಹಾಕಿ ಕೊಟ್ಟರೂ ಬೇಡ. ಮಾರನೇ ದಿನಾನೂ ಹಂಗೇ. ನಾನು ಪುಸಲಾಯಿಸಿದೆ, ಗದರಿದೆ, ಕಡೆಗೆ "ಯಾಕೆ ಹಿಂಗಾಡ್ತೀಯ, ಒಂದೇ ಪದ ತಾನೇ?" ಅಂತ ಕೂಗಿದೆ. ಅವಳು ತಲೆ ಎತ್ತಿ, "ಹಂಗಾದ್ರೆ ನೀನೇ ಹೋಗಮ್ಮ ಸ್ಕೂಲಿಗೆ. ಬರೆಯೋಳು ನೀನಲ್ವಾ?" ಅಂದಳು.

ಬೇರೆ ಯಾರಾದ್ರೂ ಆಗಿದ್ದರೆ ಅಲ್ಲಿಗೇ ಬುದ್ಧಿ ಬರ್ತಿತ್ತು. ನನಗೆ ಬರಲಿಲ್ಲ. ನಾನು ಹೊಸ ದಾರಿ ಹುಡುಕಿದೆ. ಹುಡುಗಿ ರಂಗೋಲಿ ಚೆನ್ನಾಗಿ ಬಿಡ್ತಾಳಲ್ಲ, ಹಂಗೇ ಇದನ್ನೂ ಕಲಿಸೋಣ ಅಂತ ಅಂಗಳ ಸಾರಿಸಿ, 'ಸುಸ್ವಾಗತ'ವನ್ನ ರಂಗೋಲಿ ಎಳೆ ಥರ ಎಳೆದು ತೋರಿಸಿದೆ. ಇಲ್ಲಿ ಸುತ್ತು, ಇಲ್ಲಿ ಕೊಕ್ಕೆ, ಇಲ್ಲಿ ತಲೆಕಟ್ಟು. ಎರಡೇ ದಿನಕ್ಕೆ ಹುಡುಗಿ ತಿರುಗಿ ನೋಡದೆ ಬಿಡಿಸಿಬಿಟ್ಟಳು! ನನಗೋ ಆಕಾಶಕ್ಕೆ ಮೂರೇ ಗೇಣು. ನಮ್ಮತ್ತೆ ದನಕ್ಕೆ ಹುಲ್ಲು ಹಾಕಿ ಬಂದವರು ಅಂಗಳದಲ್ಲಿ ನಿಂತು, "ಅದೇನವ್ವ ಬರ್ದಿದ್ದೀಯ?" ಅಂತ ಮೊಮ್ಮಗಳನ್ನ ಕೇಳಿದರು.

ಅವಳು ಅಂಗಳ ನೋಡಿದಳು, ನನ್ನ ನೋಡಿದಳು. "ಗೊತ್ತಿಲ್ಲಜ್ಜಿ. ಅಮ್ಮನ ರಂಗೋಲಿ," ಅಂದಳು.

ನಮ್ಮತ್ತೆಗೆ ಅಕ್ಷರ ಬಾರದಿದ್ದರೂ ಮನುಷ್ಯರನ್ನ ಓದೋಕೆ ಬರೋದು. ಎರಡು ತಿಂಗಳ ಹತ್ತಕ್ಕೆ ಹತ್ತೆಲ್ಲ ಆ ಒಂದು ಮಾತಲ್ಲಿ ಅವರಿಗೆ ಅರ್ಥವಾಗಿಹೋಯ್ತು. ಬೈತಾರೆ ಅಂದ್ಕೊಂಡೆ. ಬೈಲಿಲ್ಲ. ಹಟ್ಟಿ ಕಟ್ಟೆ ಮೇಲೆ ಕೂತು, ಕರುವಿನ ಕಡೆ ನೋಡ್ತಾ, "ಕರೂಗೆ ಅಂತ ಬಿಟ್ಟ ಹಾಲು ನೀನೇ ಕುಡುದ್ಬುಟ್ಟೆ ಕಣವ್ವ," ಅಂದರು ಅಷ್ಟೇ. ಒಳಗೆ ಹೋಗಿ ಒಲೆ ಮುಂದೆ ಕೂತು ಅತ್ತೆ. ಹೊಗೆಗೆ ಕಣ್ಣು ಉರೀತಿದೆ ಅಂತ ಹೇಳೋಕೂ ಆಗಲಿಲ್ಲ, ಒಲೆ ಹಚ್ಚೇ ಇರಲಿಲ್ಲ.

ಆವತ್ತು ಮೇಷ್ಟ್ರು ಯಾಕೋ ಸಲೀಸು ಪಾಠ ಕೊಟ್ಟಿದ್ದರು, ಹತ್ತು ಸಣ್ಣ ಪದ. ಸ್ಲೇಟನ್ನ ಮಗಳ ಮುಂದಿಟ್ಟು, ಬಳಪ ಕೊಟ್ಟು, "ನಿಂಗೆ ಬಂದಷ್ಟು ಬರಿ, ನಾನು ಈ ಕಡೆ ನೋಡಲ್ಲ," ಅಂದೆ. ಮೂರು ಗಂಟೆ ತಗೊಂಡಳು. ಅಕ್ಷರಗಳು ಒಂದು ಈ ಕಡೆ ವಾಲಿದ್ದರೆ ಇನ್ನೊಂದು ಆ ಕಡೆ. ಸಂಜೆ ಅದನ್ನ ಹಂಗೇ ಮೇಷ್ಟ್ರ ಕೋಣೆ ಮುಂದೆ ಇಟ್ಟು, ಯಾರ ಮುಖಾನೂ ನೋಡದೆ ಹಾಲು ಹಾಕಿ ಬಂದೆ. ಬೆಳಿಗ್ಗೆ ನಾನೇ ಹೋದೆ. ಅತ್ತೆ, ಮಗಳು, ಇಬ್ಬರೂ ಜೊತೇಲಿ ಬಂದರು.

ಸೆಕ್ರೆಟ್ರಿ ಎಂದಿನ ಜೋರಲ್ಲೇ, "ನಲವತ್ತೊಂದು..." ಅಂದವನು ಅಲ್ಲೇ ನಿಂತ. ಸ್ಲೇಟು ಹತ್ತಿರಕ್ಕೆ ಹಿಡಿದು ನೋಡಿದ. ಆಮೇಲೆ ಮೆತ್ತಗೆ, "ಎರಡು," ಅಂದ. ಹಾಲಿನ ನೊರೆ ಒಡೆಯೋದು ಕೇಳ್ತಿತ್ತು.

"ಜೋರಾಗಿ ಹೇಳಪ್ಪ," ಅಂದೆ. "ಎರಡು! ಇದು ನನ್ನ ಮಗಳದ್ದು. ಇಷ್ಟು ದಿನ ಬಂದ ಹತ್ತೆಲ್ಲಾ ನಂದು. ನಾನೇ ಬರೆದಿದ್ದು. ಬೋರ್ಡಿನ ಮೇಲೆ ಬರೆಯೋಕೆ ಬೇರೆ ಮಗೂನ ನೋಡ್ಕೊಳ್ಳಿ ಮೇಷ್ಟ್ರೇ, ಇವಳಿಗೆ ಬರಲ್ಲ. ಬರದಂಗೆ ಮಾಡಿದೋಳು ನಾನು."

ಈಗ ವಾರಗಿತ್ತಿ ಏನಂತಾಳೋ ಅಂತ ಹಲ್ಲು ಕಚ್ಚಿ ಕಾದೆ. ಅವಳು ಕ್ಯಾನು ಕೆಳಗಿಟ್ಟಳು. ಮುಖ ಕೆಂಪಗಾಗಿತ್ತು. "ನೀನಾದ್ರೂ ನಿನ್ನ ಕೈಲೇ ಬರ್ದೆ ಕಣೇ," ಅಂದಳು. "ನಮ್ಮನೇದು ನಂದೂ ಅಲ್ಲ, ನನ್ನ ಮಗಂದೂ ಅಲ್ಲ. ನನ್ನ ತಮ್ಮಂದು. ಮೊದಲು ಒಂದು ವಾರ ಹುಡುಗನೇ ಬರ್ದಿದ್ದ, ನಿಂಗೆ ಹತ್ತು ಬಂತಲ್ಲ, ಆಗ ತಡ್ಕೊಳೋಕಾಗ್ಲಿಲ್ಲ." ಹಿಂದಿನಿಂದ ಯಾರೋ ಕಿಸಕ್ಕಂದರು. ಅಲ್ಲಿಂದ ಶುರುವಾದ ನಗು ಸಾಲಿನ ಕೊನೆವರೆಗೆ ಹೋಗಿ ವಾಪಸ್ ಬಂತು. ಒಬ್ಬರು ಮಗನದ್ದು ತಾತ ಬರೆದದ್ದು ಅಂದರು, ಇನ್ನೊಬ್ಬರು ಬಸ್ ಕಂಡಕ್ಟರ್ ಕೈಲಿ ಭಾಗಾಕಾರ ಮಾಡಿಸಿದ್ದಂತೆ. ವಾರಗಿತ್ತಿ ಮೇಲೆ ಎಂಟು ವರ್ಷದಿಂದ ಕೂಡಿಟ್ಟ ಸಿಟ್ಟು ಎಲ್ಲಿ ಹೋಯ್ತೋ ಕಾಣೆ. ಇಬ್ಬರೂ ಹೊಟ್ಟೆ ಹಿಡ್ಕೊಂಡು ನಕ್ಕೆವು.

ಮೇಷ್ಟ್ರು ನಗಲಿಲ್ಲ. "ನಂಗೊತ್ತಿತ್ತು ಕಣಮ್ಮ," ಅಂದರು. "ಏಳು ವರ್ಷದ ಕೈಗೆ ಅಷ್ಟು ದುಂಡು ಅಕ್ಷರ ಬರಲ್ಲ. ಅದಕ್ಕೇ ನಿಮ್ಮ ಹುಡುಗೀನೇ ಬರೀಬೇಕು ಅಂದಿದ್ದು, ಹಂಗಾದ್ರೂ ಬಳಪ ಅವಳ ಕೈಗೆ ಕೊಡ್ತೀರಿ ಅಂತ."

ನೋಡಿ, ಆಗ ಬಂತು ನನಗೆ ಕೋಪ! "ಗೊತ್ತಿದ್ದೂ ಎರಡು ತಿಂಗಳು ಸುಮ್ಮನಿದ್ರಾ? ಹೇಳಬಾರದಾಗಿತ್ತಾ?"

"ಹೇಳಿದ್ರೆ ಸ್ಲೇಟೇ ಬರ್ತಿರಲಿಲ್ಲ. ಬರ್ತಾ ಇರಲಿ, ಇವತ್ತಲ್ಲ ನಾಳೆ ಮಗು ಕೈಗೂ ಹೋಗುತ್ತೆ ಅಂದ್ಕೊಂಡೆ. ತಡ ಮಾಡಿದೆ, ಅದು ನಂದೇ ತಪ್ಪು." ಆಮೇಲೆ ಬಗ್ಗಿ ಮಗಳನ್ನ ಕೇಳಿದರು: "ಸುಸ್ವಾಗತ ಬೇಡ. ನಿನ್ನ ಹೆಸರು ಬರೀತೀಯಾ? ಇನ್ನೂ ಹನ್ನೊಂದು ದಿನ ಐತೆ." ಅವಳು ನನ್ನ ಕಡೆ ನೋಡಲಿಲ್ಲ. ಹ್ಞೂಂ ಅಂತ ತಲೆ ಆಡಿಸಿದಳು.

ಆ ಹನ್ನೊಂದು ದಿನ ನನಗೆ ಬಾಣಂತನಕ್ಕಿಂತ ಕಷ್ಟ ಆಯ್ತು. ಕಲಿಯೋದು ಅವಳು, ಬೆವರೋದು ನಾನು. ಅಕ್ಷರ ತಪ್ಪು ದಾರಿ ಹಿಡಿದ ಕೂಡಲೇ ನನ್ನ ಕೈ ತಾನಾಗೇ ಬಳಪದ ಕಡೆ ಹೋಗೋದು. ನಮ್ಮತ್ತೆ ನನ್ನ ಪಕ್ಕದಲ್ಲೇ ಹೂಬತ್ತಿ ಹೊಸೀತಾ ಕೂತು, ಕೈ ಚಾಚಿದ ತಕ್ಷಣ ಮಣಿಕಟ್ಟು ಹಿಡಿದು, "ಬುಡು, ಬುಡು" ಅನ್ನೋರು. ಎರಡನೇ ದಿನಕ್ಕೆ ನಾನು ಕೈಗೆ ಕೆಲಸ ಬೇಕು ಅಂತ ಮಡಿಲಲ್ಲಿ ಅಲಸಂದೆಕಾಯಿ ಸುರುವಿಕೊಂಡು ಕೂತೆ. ಸುಲಿದ ಕಾಳಿಗಿಂತ ಸಿಪ್ಪೆ ಜೊತೆ ಎಸೆದ ಕಾಳೇ ಹೆಚ್ಚು. ಮಗಳು ಬರೆಯೋಳು, ಅಳಿಸೋಳು, ಬರೆಯೋಳು. ಸ್ಲೇಟು ಸಾಲದೆ ಅಟ್ಟದ ಗೋಡೆ ಮೇಲೆ ಚಿಪ್ಪಿನ ಇದ್ದಿಲಿಂದ ಬರೆದಳು. ಮನೆ ಗೋಡೆ ಹಾಳು ಮಾಡ್ತೀಯಾ ಅಂತ ನಮ್ಮನೆಯವರು ಬಾಯಿ ತೆಗೆದರೆ ಅತ್ತೆ, "ನಿನ್ನ ಕೈಲಿ ಆಗಿದ್ರೆ ನೀನೂ ಬರೀತಿದ್ದೆ, ಸುಮ್ಕಿರಪ್ಪ," ಅಂದರು.

ಡೈರಿ ಜಗಲಿ ಮೇಲೆ ಈಗ ಸ್ಲೇಟುಗಳ ಚೆಲುವು ನೋಡಬೇಕಿತ್ತು. ಎಲ್ಲಾ ಸೊಟ್ಟ ಸೊಟ್ಟ. ಹತ್ತಕ್ಕೆ ಹತ್ತು ಒಂದೂ ಇಲ್ಲ. ಸೆಕ್ರೆಟ್ರಿ "ಈಗ ಹಾಲು ಅಸಲಿ ಕಣ್ರಪ್ಪ," ಅನ್ನೋನು. ನಲವತ್ತೊಂದು ಎರಡರಿಂದ ಮೂರಕ್ಕೆ, ಮೂರರಿಂದ ಮತ್ತೆ ಎರಡಕ್ಕೆ, ಕಡೆಗೆ ಐದಕ್ಕೆ ಬಂತು. ಐದು ಬಂದ ದಿನ ಸ್ಲೇಟನ್ನ ಮಗಳೇ ಹಿಡ್ಕೊಂಡು ಬಂದಳು, ಯಾರ ಕೈಗೂ ಕೊಡಲಿಲ್ಲ. ಮಧ್ಯಾಹ್ನ ಎರಡು ಮುದ್ದೆ ಉಂಡಳು.

ಆದರೆ ಹೆಸರಲ್ಲಿ ಒಂದು ಒತ್ತಕ್ಷರ ಇತ್ತಲ್ಲ, ಅದು ಮಾತ್ರ ಒಂದು ದಿನ ಬಂದರೆ ಒಂದು ದಿನ ಇಲ್ಲ. ಆ ಹೆಸರಿಟ್ಟವಳೂ ನಾನೇ, ಚೆಂದ ಇದೆ ಅಂತ. ಇನ್ನೂ ಸಲೀಸಾದ ಹೆಸರು ಇಡಬಾರದಾಗಿತ್ತಾ ಅಂತ ನನ್ನನ್ನ ನಾನೇ ಶಪಿಸಿಕೊಂಡೆ.

ಸ್ಕೂಲು ತೆರೆದ ಸೋಮವಾರ ಬಿಸಿಲು ಚೆನ್ನಾಗಿತ್ತು. ಬಾಗಿಲಿಗೆ ಮಾವಿನ ಸೊಪ್ಪು, ಒಳಗೆ ಹೊಸ ಸುಣ್ಣದ ವಾಸನೆ. ಮಕ್ಕಳು ನೆಲದ ಮೇಲೆ, ಸಾಹೇಬರು, ಪಂಚಾಯ್ತಿಯವರು ಕುರ್ಚಿ ಮೇಲೆ, ನಾವೆಲ್ಲ ಗೋಡೆಗೆ ಒರಗಿ, ಕಿಟಕಿಗೆ ಜೋತು ನಿಂತಿದ್ದೆವು. ಬೆಕ್ಕು ಕೂಡ ದೊಡ್ಡದಾದ ಮರಿಗಳ ಸಮೇತ ವಾಪಸ್ ಬಂದು ಮೂಲೆ ಹಿಡಿದಿತ್ತು. ಮೇಷ್ಟ್ರು ಸೀಮೆಸುಣ್ಣ ಕೊಟ್ಟರು. ನನ್ನ ಮಗಳು ಎದ್ದು ಹೋದಳು. ಬೋರ್ಡು ಎತ್ತರ, ತುದಿಗಾಲಲ್ಲಿ ನಿಂತಳು.

ಮೊದಲನೇ ಅಕ್ಷರ ಬರೆದಳು. ದೊಡ್ಡದಾಗಿ, ವಾಲಿಕೊಂಡು, ಆದರೆ ಅದೇ. ಎರಡನೆಯದೂ ಬಂತು. ಅದರ ಕೆಳಗೆ ಒತ್ತು ಹಾಕಬೇಕು. ಸೀಮೆಸುಣ್ಣ ಬೋರ್ಡಿಗೆ ತಾಗಿಸಿದವಳು ಹಂಗೇ ನಿಂತಳು. ಒಂದ್ ಗಳಿಗೆ, ಎರಡ್ ಗಳಿಗೆ. ಒಳಗೆ ಯಾರೋ ಕೆಮ್ಮಿದರು. ಅವಳು ನಿಧಾನಕ್ಕೆ ತಿರುಗಿ, ಅಷ್ಟೂ ಜನರ ನಡುವೆ ನನ್ನ ಮುಖ ಹುಡುಕಿದಳು.

ನಾನು ಬೆರಳಲ್ಲಿ ಗಾಳೀಲಿ ಒಂದು ಗೀಟು ಎಳೆದಿದ್ದರೆ ಸಾಕಿತ್ತು. ಅವಳಿಗೆ ಗೊತ್ತಾಗ್ತಿತ್ತು, ಬೇರೆ ಯಾರಿಗೂ ಕಾಣ್ತಿರಲಿಲ್ಲ. ಪಕ್ಕದಲ್ಲಿ ನಮ್ಮತ್ತೆ ನನ್ನ ಕೈ ಹಿಡೀಲಿಲ್ಲ. ನನ್ನ ಮುಖಾನೂ ನೋಡಲಿಲ್ಲ, ಬೋರ್ಡನ್ನೇ ನೋಡ್ತಿದ್ದರು. ಎರಡೂ ಕೈನ ಬೆನ್ನ ಹಿಂದೆ ಕಟ್ಟಿಕೊಂಡು, ಗೋಡೆಗೆ ಒತ್ತಿ ಹಿಡಿದೆ. ನನಗೂ ಗೊತ್ತಿಲ್ಲ ಅನ್ನೋ ಹಾಗೆ ಮಗಳನ್ನ ಸುಮ್ಮನೆ ನೋಡಿದೆ. ಇಷ್ಟು ವರ್ಷದಲ್ಲಿ ನಾನು ಮಾಡಿರೋ ಕಷ್ಟದ ಕೆಲಸ ಅದೊಂದೇ ಅಂತ ಇವತ್ತಿಗೂ ಹೇಳ್ತೀನಿ.

ಅವಳು ಸ್ವಲ್ಪ ಹೊತ್ತು ನನ್ನನ್ನೇ ನೋಡಿದಳು. ಆಮೇಲೆ ಬೋರ್ಡಿಗೆ ತಿರುಗಿದಳು. ತುಟಿ ಅಲ್ಲಾಡ್ತಿತ್ತು. ಒತ್ತು ಹಾಕಿದಳು, ಬೆರಳಲ್ಲಿ ಒರೆಸಿದಳು, ಮತ್ತೆ ಹಾಕಿದಳು. ಕಡೇ ಅಕ್ಷರಾನೂ ಬರೆದು, ಸೀಮೆಸುಣ್ಣ ಮೇಷ್ಟ್ರ ಕೈಗೆ ಕೊಟ್ಟು, ಒಂದೊಂದು ಅಕ್ಷರದ ಕೆಳಗೂ ಬೆರಳಿಟ್ಟು ತನ್ನ ಹೆಸರನ್ನ ಜೋರಾಗಿ ಓದಿದಳು. ವಾರಗಿತ್ತಿ ಎಲ್ಲರಿಗಿಂತ ಮೊದಲು ಚಪ್ಪಾಳೆ ಹೊಡೆದಳು.

ಮಗಳು ಜನರ ಕಾಲ ನಡುವೆ ನುಸುಳಿ ನನ್ನ ಹತ್ತಿರ ಬಂದಳು. ಮೂಗಿನ ಮೇಲೆಲ್ಲಾ ಸೀಮೆಸುಣ್ಣದ ಪುಡಿ. "ಯಾಕಮ್ಮ ನೀನು ಹೇಳ್ಕೊಡ್ಲಿಲ್ಲ?" ಅಂತ ಕೇಳಿದಳು.

"ನಂಗೂ ಮರೆತೋಗಿತ್ತು ಕಣೇ," ಅಂದೆ.

"ನಂಗೆ ಗೊತ್ತಿತ್ತು," ಅಂದಳು.